ಜಲಪಾತಕ್ಕೊಂದು ಪಾನಾ

ಊರಲ್ಲಿರೋ ನಲ್ಲಿಗಳ ಬಾಯನ್ನೆಲ್ಲ ಮುಚ್ಚಿಸೋ ಗಂಡಸು, ತನ್ನ ಮನೆ ಬಚ್ಚಲಿನ ನಲ್ಲಿ ಹಗಲೂ ರಾತ್ರಿ ಗೊಣಗುತ್ತಿದ್ದರೂ ಕೇಳಿಸಿಕೊಳ್ಳೋದಿಲ್ಲ ಅಂದರೆ, ಅವನ ಹೆಂಡತಿಗೆ ಹೇಗಾಗಬೇಡ, ನೀವೇ ಹೇಳಿ! "ಟಪ್" ಅಂತ ಒಂದು ಹನಿ. ಸದ್ಯ, ನಿಂತಿತು ಅಂದುಕೊಂಡು ಇವಳು ಮಗ್ಗುಲು ಬದಲಿಸಬೇಕು, ಅಷ್ಟರಲ್ಲಿ ಇನ್ನೊಂದು "ಟಪ್". ಕೆಳಗೆ ಬಕೆಟ್ ಇಟ್ಟರೆ ಸದ್ದು ಜಾಸ್ತಿ. ಬಕೆಟ್ಟಿನೊಳಗೆ ಬಟ್ಟೆ ಹಾಕಿದರೆ ಬೆಳಿಗ್ಗೆ ಅದನ್ನು ಹಿಂಡೋ ಕೆಲಸ ಜಾಸ್ತಿ.

"ರೀ, ಆ ನಲ್ಲಿ..."

"ಈ ಭಾನುವಾರ ಕಣೇ. ಖಂಡಿತ."

ಆ ಭಾನುವಾರ ಅನ್ನೋದು ಬಂದೂ ಬಂದೂ ಸವೆದು ಹೋಗಿತ್ತು.

ಹಾಗಂತ ಅವಳು ಗಂಡನನ್ನು ಸೋಮಾರಿ ಅಂತಾಳೆ ಅಂದುಕೊಳ್ಳಬೇಡಿ. (ನೀವು ಅಂದು ನೋಡಿ, ಆ ಬಕೆಟ್ಟು ನಿಮ್ಮ ತಲೆ ಮೇಲಿರುತ್ತೆ.) ಅವಳ ಯಜಮಾನರೆಂದರೆ ಸಾಮಾನ್ಯರಲ್ಲ. ಊರೆಲ್ಲ ಅವರನ್ನು ಕರೆಯೋದೇ "ನಲ್ಲಿ ಡಾಕ್ಟ್ರು" ಅಂತ. ಗೋಡೆಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಂತರೆ, ಎಷ್ಟನೇ ಮಹಡಿಯಲ್ಲಿ, ಯಾವ ಜಾಯಿಂಟಿನಲ್ಲಿ ನೀರು ಸೋರುತ್ತಿದೆ ಅಂತ ಹೇಳಿಬಿಡುತ್ತಾರೆ. ಅವಳು ಕೆಲಸ ಮಾಡೋದು ನಿಜವಾದ ಡಾಕ್ಟರ ಕ್ಲಿನಿಕ್ಕಿನಲ್ಲಿ. ಬಾಗಿಲ ಬಳಿ ಮೇಜು ಹಾಕಿಕೊಂಡು, ಬೀದಿಯ ಆ ತುದಿಗೆ ಕೇಳುವಂತೆ ಟೋಕನ್ ಕೂಗೋದು ಅವಳ ಉದ್ಯೋಗ. "ಟೋಕನ್ ಮೇಡಂ" ಅಂದರೆ ಆಸುಪಾಸಿನಲ್ಲಿ ಎಂಥ ಕಾಯಿಲೆಯವರೂ ಎದ್ದು ನಿಲ್ಲುತ್ತಾರೆ. "ನಮ್ಮ ಕ್ಲಿನಿಕ್ ಡಾಕ್ಟರಿಗೆ ಎದೆ ಬಡಿತ ಕೇಳೋಕೆ ಕುತ್ತಿಗೆಗೊಂದು ಸ್ಟೆತಾಸ್ಕೋಪು ಬೇಕು. ನಮ್ಮೆಜಮಾನ್ರಿಗೆ ದೇವರು ಕೊಟ್ಟ ಕಿವಿ ಸಾಕು" ಅಂತ ಅವಳು ರೋಗಿಗಳ ಮುಂದೆಯೇ ಹೇಳಿ ಎಷ್ಟೋ ಸಲ ಬೈಸಿಕೊಂಡಿದ್ದಾಳೆ.

ಡಾಕ್ಟ್ರ ಹತ್ತಿರ ನಟ್ಟು ತಿರುಗಿಸೋ ಒಂದು ದೊಡ್ಡ ಪಾನಾ ಇದೆ. ಅವರಿಗೆ ಕೆಲಸ ಕಲಿಸಿದ ಗುರುಗಳು ಕೊಟ್ಟದ್ದು. ಮೊಣಕೈಯಷ್ಟು ಉದ್ದ, ಹಿಡಿದೂ ಹಿಡಿದೂ ಹಿಡಿಕೆ ಕನ್ನಡಿ ಆಗಿಹೋಗಿದೆ. ಹಳೇ ಕಟ್ಟಡಗಳ ಹಳೇ ಅಳತೆಯ ನಟ್ಟುಗಳಿಗೆ ಈಗಿನ ಅಂಗಡಿ ಪಾನಾ ಯಾವುದೂ ಕೂರೋದಿಲ್ಲ, ಅದೊಂದೇ ಕೂರೋದು. ಅದನ್ನು ಬಿಟ್ಟು ಅವರು ಹಾಲು ತರೋಕೂ ಹೋದವರಲ್ಲ.

ತೊಂದರೆ ಇರೋದು ಅಲ್ಲೇ. ಸಿನಿಮಾಕ್ಕೆ ಕರೆದುಕೊಂಡು ಹೋದರು. ಇಂಟರ್ವಲ್ಲಿನಲ್ಲಿ ಹೊರಗೆ ಹೋದವರು ನಾಯಕಿ ಸತ್ತು, ಬದುಕಿ, ಮದುವೆಯಾದರೂ ಬರಲಿಲ್ಲ. ಥಿಯೇಟರಿನ ಶೌಚಾಲಯದಲ್ಲಿ ನಲ್ಲಿ ಬಿಗಿ ಮಾಡುತ್ತಿದ್ದರು. ಪಾರ್ಕಿಗೆ ಹೋದರೆ ಕಾರಂಜಿಯೊಳಗೆ ಇಳಿದರು. ಸಮುದ್ರದ ದಂಡೆಯಲ್ಲಿ ಮಾತ್ರ ಸುಮ್ಮನೆ ಕೂತಿದ್ದರು. ಅದೂ ಪೂರ್ತಿ ಸುಮ್ಮನೆ ಅಲ್ಲ. "ಇಷ್ಟು ನೀರು, ಎಲ್ಲೂ ಒಂದು ವಾಲ್ವ್ ಇಲ್ಲ" ಅಂತ ನಿಟ್ಟುಸಿರು ಬಿಟ್ಟಿದ್ದರು.

ಆದ್ದರಿಂದ ಅವಳಿಗಿದ್ದ ಆಸೆ ಒಂದೇ. ಚೆಂದದ ಜಾಗದಲ್ಲಿ, ಗಂಡನ ಪಕ್ಕದಲ್ಲಿ, ಅವರ ಎರಡೂ ಕೈ ಖಾಲಿ ಇರುವಾಗ, ಒಂದು ಗಳಿಗೆ ನಿಲ್ಲಬೇಕು. ಯಾವ ಜಾಗ ಅನ್ನೋದೂ ಗೊತ್ತಿತ್ತು. ಅವರ ಮನೆಯ ಪಡಸಾಲೆ ಗೋಡೆ ಮೇಲೆ ಒಂದು ಆಳೆತ್ತರದ ಫೋಟೋ ಇದೆ. ಬೆಟ್ಟದೊಳಗೆ ಎಲ್ಲೋ ಅವಿತುಕೊಂಡಿರೋ ಜಲಪಾತದ ಫೋಟೋ. ತೆಗೆಸಿಕೊಂಡವರು ಅವಳ ಭಾವ, ಅಂದರೆ ಅಕ್ಕನ ಗಂಡ. ಚಾರಣದ ಬೂಟು, ಚೀಲ ಮಾರೋ ಅಂಗಡಿ ಅವರದು. ಜಲಪಾತದ ಮುಂದೆ ಕೈ ಚಾಚಿ ನಿಂತುಕೊಂಡು ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ನೆಂಟರಿಗೆಲ್ಲ ಹಂಚಿದ್ದರು. ಅದರಲ್ಲಿ ಮುಕ್ಕಾಲು ಪಾಲು ಭಾವ, ಉಳಿದ ಕಾಲು ಪಾಲು ಜಲಪಾತ. ಭಾವನ ಹಿಂದೆ ಏನಿದೆ ಅಂತ ನೋಡಬೇಕು ಅನ್ನೋದು ಅವಳ ಜೀವನದ ಕುತೂಹಲವಾಗಿಬಿಟ್ಟಿತ್ತು. (ಫೋಟೋ ತೆಗೆದಿಡೋ ಹಾಗಿಲ್ಲ. ಅಕ್ಕ ಬಂದಾಗ ಮೊದಲು ನೋಡೋದೇ ಆ ಮೊಳೆಯನ್ನು.)

ಒಂದು ಸಂಜೆ ಅಕ್ಕ ಫೋನ್ ಮಾಡಿ, ಬರೋ ಭಾನುವಾರ ಮತ್ತೆ ಆ ಜಲಪಾತಕ್ಕೆ ಹೊರಟಿದ್ದೇವೆ ಅಂದಳು. ಇವಳು ಬಾಯಿ ತೆರೆಯೋ ಮೊದಲೇ ಭಾವ ಫೋನು ಕಿತ್ತುಕೊಂಡರು.

"ಅದು ಪಿಕ್ನಿಕ್ಕಲ್ಲಮ್ಮ, ಟ್ರೆಕ್ಕಿಂಗು! ಬಂಡೆ, ಮುಳ್ಳು, ಪ್ರಪಾತ. ನಿಮ್ಮ ಡಾಕ್ಟ್ರಿಗೆ ಮಹಡಿ ಹತ್ತಿ ಟ್ಯಾಂಕ್ ನೋಡಿ ಅಭ್ಯಾಸ, ಬೆಟ್ಟ ಅಂದ್ರೆ ಬೇರೆ. ಪಾಪ, ಅರ್ಧ ದಾರೀಲಿ ಕೂತುಬಿಟ್ರೆ ಹೊತ್ತುಕೊಂಡು ಬರೋರು ಯಾರು?"

ಅವಳ ಮೈ ಉರಿದುಹೋಯಿತು. ತಾನು ಬೇಕಾದರೆ ನೂರು ಅನ್ನಬಹುದು. ಬೇರೆಯವರು ಅನ್ನೋದೇ?

"ನಮ್ಮೆಜಮಾನ್ರು ನಿಮಗಿಂತ ಮೊದಲು ಹತ್ತಿರ್ತಾರೆ ಭಾವ, ನೋಡ್ತಿರಿ!" ಅಂದಳು.

ಅಂದದ್ದೇನೋ ಅಂದಳು. ಡಾಕ್ಟ್ರನ್ನು ಒಪ್ಪಿಸಬೇಕಲ್ಲ? ಆಶ್ಚರ್ಯ ಅಂದರೆ, ಅವರು ತಕ್ಷಣ ಒಪ್ಪಿದರು. "ನೀನು ಇಷ್ಟು ದಿನದಿಂದ ಹೇಳ್ತಿದ್ದೀಯ. ಹೋಗೋಣ ನಡಿ" ಅಂದರು. ಅವಳು ಹಾಕಿದ್ದು ಒಂದೇ ಷರತ್ತು. ರಿಪೇರಿ ಸಾಮಾನು ಮನೆಯಲ್ಲೇ ಇರಬೇಕು. ಅದಕ್ಕೂ ತಲೆಯಾಡಿಸಿದರು. ಭಾನುವಾರ ಬೆಳಿಗ್ಗೆ ನೋಡಿದರೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ತುಂಬಿದ ಚೀಲ ಒಂದು ಕಡೆಗೆ ವಾಲಿಕೊಂಡಿತ್ತು.

"ರೀ, ಬ್ರೆಡ್ಡಿನ ಪಕ್ಕ ಇಷ್ಟುದ್ದ ಏನದು?"

"ಅದಾ? ದಾರಿ ಕಡಿದು ಅಂದ್ರಲ್ಲ. ಆಸರೆಗೆ ಇರಲಿ ಅಂತ."

"ಆಸರೆಗೆ ನಾನಿಲ್ವಾ?"

"ನಿನ್ನನ್ನ ಚೀಲದಲ್ಲಿ ಹಾಕೋಕಾಗತ್ತಾ?" ಅಂದರು ಡಾಕ್ಟ್ರು, ತಮ್ಮ ಹಳದಿ ಟೋಪಿ ತಲೆಗೆ ಹಾಕಿಕೊಳ್ಳುತ್ತ. ಪಾನಾ ಹೊರಟಿತು.

ಬೆಟ್ಟದ ಬುಡದಲ್ಲಿ ಒಂದು ಟೀ ಅಂಗಡಿ, ಪಕ್ಕದಲ್ಲಿ ಬಂದವರ ಅನುಕೂಲಕ್ಕೊಂದು ಶೌಚಾಲಯ, ಅದರ ಗೋಡೆಗೊಂದು ನಲ್ಲಿ. (ನೀವು ಊಹಿಸಿದ್ದು ಸರಿ.) ಭಾವ ಆಗಲೇ ಸಜ್ಜಾಗಿ ನಿಂತಿದ್ದರು. ಎರಡು ಕೈಗೆ ಎರಡು ಕೋಲು, ತಲೆಗೆ ಬಲೆ ಇಳಿಬಿಟ್ಟ ಟೋಪಿ, ಎತ್ತರ ತೋರಿಸೋ ಗಡಿಯಾರ, ಎದೆ ಮೇಲೆ ಒಂದು ನಳಿಗೆ. ಅದನ್ನು ಚೀಪಿದರೆ ಬೆನ್ನಿನ ಚೀಲದಿಂದ ನೀರು ಬರುತ್ತಿತ್ತು. ಡಾಕ್ಟ್ರು ಆ ನಳಿಗೆಯನ್ನು ಗೌರವದಿಂದ ಮುಟ್ಟಿ ನೋಡಿ, "ಜಾಯಿಂಟು ಚೆನ್ನಾಗಿದೆ" ಅಂದರು. ಆಮೇಲೆ ಅವರ ಕಣ್ಣು ಗೋಡೆಯ ನಲ್ಲಿ ಮೇಲೆ ಬಿತ್ತು. ಪೂರ್ತಿ ತಿರುಗಿಸಿದರೂ ಅದರಲ್ಲಿ ಬರುತ್ತಿದ್ದದ್ದು ನೂಲಿನಷ್ಟು ನೀರು.

"ಎಷ್ಟೋ ಕಾಲದಿಂದ ಹೀಗೇ ಅಣ್ಣ. ಒಂದು ಕೆಟಲ್ ತುಂಬೋದ್ರಲ್ಲಿ ಗಿರಾಕಿ ಎದ್ದು ಹೋಗ್ತಾನೆ. ಮೇಲಿಂದಾನೇ ನೀರು ಬರ್ತಿಲ್ಲ" ಅಂದಳು ಟೀ ಅಂಗಡಿಯಾಕೆ.

ಡಾಕ್ಟ್ರು ನಲ್ಲಿ ಬಿಚ್ಚಿದರು. ಕಸ ತೆಗೆದರು. ವಾಷರ್ ತಿರುಗಿಸಿ ಹಾಕಿದರು. ಪೈಪಿಗೆ ಕಿವಿ ಕೊಟ್ಟರು. ಭಾವ ಗಡಿಯಾರ ನೋಡಿಕೊಂಡರು, ಅಕ್ಕ ಆಕಾಶ ನೋಡಿದಳು. ಕೊನೆಗೆ ಭಾವ, "ನೀವು ನಿಧಾನಕ್ಕೆ ಬನ್ನಿ ಡಾಕ್ಟ್ರೇ, ಆಪರೇಷನ್ ಮುಗಿಸಿಕೊಂಡು. ಬಂಡೆ ಮೇಲೆ ಕೆಂಪು ಬಾಣದ ಗುರುತಿದೆ, ಅದನ್ನೇ ಹಿಡಿದು ಬಂದ್ರೆ ದಾರಿ ತಪ್ಪಲ್ಲ" ಅಂದು ಹೊರಟೇಬಿಟ್ಟರು. ಅಕ್ಕ ತಿರುಗಿ ತಿರುಗಿ ನೋಡುತ್ತ ಹೋದಳು. ಆ ನೋಟದಲ್ಲಿದ್ದ ಕನಿಕರ ಇವಳಿಗೆ ಮುಳ್ಳಾಗಿ ಚುಚ್ಚಿತು.

"ಸಿನಿಮಾ ಆಯ್ತು, ಪಾರ್ಕ್ ಆಯ್ತು, ಈಗ ಇದೂ ಆಯ್ತು! ನಾನು ಭಾವನ ಮುಂದೆ ಏನಂತ ಹೇಳಿಕೊಂಡಿದ್ದೆ ಗೊತ್ತಾ?"

"ಕೋಪ ಮಾಡ್ಕೋಬೇಡ್ವೇ. ಈಗ ಹೊರಟ್ರೂ ಅವರಿಗಿಂತ ಮೊದಲು ಮುಟ್ಟಿಸ್ತೀನಿ. ಇಲ್ಲಿ ನೋಡು." ನಲ್ಲಿಯ ಹಿಂದಿನಿಂದ ಒಂದು ಹಳೇ ಕಬ್ಬಿಣದ ಪೈಪು ಹೊರಟು, ಪೊದೆಯೊಳಗೆ ನುಗ್ಗಿ, ನೆಟ್ಟಗೆ ಬೆಟ್ಟ ಹತ್ತಿತ್ತು. "ಬಾಣ ಬರೆದೋನು ಯಾರೋ ಏನೋ, ಸುತ್ತಾಡಿಸಿ ಕರ್ಕೊಂಡು ಹೋಗ್ತಾನೆ. ಪೈಪ್ ಹಾಕಿದೋನು ಮಾತ್ರ ಸುಳ್ಳು ಹೇಳಲ್ಲ. ನೀರಿರೋ ಕಡೆಗೇ ಹೋಗಿರ್ತಾನೆ."

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಹಿಂದೆ ಹೊರಟಳು. ಕೆಲಸದ ವಿಷಯಕ್ಕೆ ಬಂದರೆ ಗಂಡನ ಮಾತೇ ಅವಳಿಗೆ ವೇದ.

ಭಾವ ಹೇಳಿದ ಬಂಡೆ, ಮುಳ್ಳು ಯಾವುದೂ ಸುಳ್ಳಲ್ಲ. ಇನ್ನೂ ಸ್ವಲ್ಪ ಕಡಿಮೆಯೇ ಹೇಳಿದ್ದರು. ಪೈಪು ಹೋದ ದಾರಿಯಲ್ಲಿ ಮನುಷ್ಯರು ನಡೆದೇ ಎಷ್ಟೋ ಕಾಲವಾಗಿತ್ತು. ಮೊದಲು ಮೊಣಕಾಲಿನವರೆಗೆ ಹುಲ್ಲು, ಆಮೇಲೆ ಸೊಂಟದವರೆಗೆ ಮುಳ್ಳು, ಅದಾದ ಮೇಲೆ ಎದೆ ಎತ್ತರದ ಬಂಡೆಗಳು. ಮರದ ಬೇರುಗಳನ್ನು ಹಿಡಿದು ಹತ್ತಬೇಕು. ಕೆಲವು ಬೇರು ಕೈಗೇ ಬಂದುಬಿಡುತ್ತವೆ. ಒಂದು ಕಡೆಯಂತೂ ದಾರಿಯೇ ಕುಸಿದು ಕೊರಕಲಾಗಿ, ಪೈಪೊಂದೇ ಗಾಳಿಯಲ್ಲಿ ತೂಗಾಡಿಕೊಂಡು ಆಚೆ ದಡ ಸೇರಿತ್ತು. ಅವಳು ಕೆಳಗೆ ನೋಡಿದಳು, ಕಣ್ಣು ಮುಚ್ಚಿಕೊಂಡಳು.

"ರೀ, ನನ್ನ ಕೈಲಾಗಲ್ಲ. ಭಾವ ಹೇಳಿದ್ದು ನಿಜ ಅಂತ ಒಪ್ಕೊಂಡುಬಿಡೋಣ."

"ಛೆ, ಛೆ! ನನ್ನ ಕಾಲಿಟ್ಟ ಕಡೆ ಕಾಲಿಡು, ಸಾಕು."

ಆಗ ಅವಳು ನೋಡಿದ್ದನ್ನು ಇವತ್ತಿಗೂ ಕ್ಲಿನಿಕ್ಕಿನಲ್ಲಿ ಹೇಳುತ್ತಾಳೆ. ಡಾಕ್ಟ್ರು ಪೈಪಿಗೆ ಪಾನಾದಿಂದ ಮೆಲ್ಲಗೆ ಬಡಿದರು, ಟಣ್. ಕಿವಿಗೊಟ್ಟರು. "ಇದು ಗಟ್ಟಿ ಇದೆ." ಇನ್ನೊಂದು ಕಡೆ ಬಡಿದರು, ಡಬ್. "ಇದನ್ನ ಹಿಡೀಬೇಡ, ತುಕ್ಕು ತಿಂದಿದೆ." ಹಾಗೆ ಬಡಿದು ಬಡಿದು, ಕೊರಕಲಿನ ಗೋಡೆಯಲ್ಲಿ ಪೈಪಿಗೆ ಆಸರೆ ಕೊಟ್ಟ ಕಬ್ಬಿಣದ ಮೊಳೆಗಳನ್ನೇ ಮೆಟ್ಟಿಲು ಮಾಡಿಕೊಂಡು ದಾಟಿದರು. ಆಚೆ ನಿಂತು ಕೈ ಚಾಚಿದರು. ಊರಿನ ಪೈಪು, ನಲ್ಲಿ ತಿರುಗಿಸಿ ಹಲಗೆಯಂತಾದ ಕೈ. ಆ ಕೈಯನ್ನು ಹಿಡಿದಳು ನೋಡಿ, ಭಯ ಅನ್ನೋದು ಎಲ್ಲಿತ್ತೋ ಅಲ್ಲೇ ಉಳಿಯಿತು. 'ಎರಡು ಕೋಲು, ಒಂದು ಗಡಿಯಾರ ಇಟ್ಟುಕೊಂಡ ಭಾವ ಇದನ್ನು ದಾಟಲಿ ನೋಡೋಣ' ಅಂತ ಮನಸ್ಸಿನಲ್ಲೇ ಮೀಸೆ ತಿರುವಿಕೊಂಡಳು.

ಹತ್ತುತ್ತಿರುವಷ್ಟು ಹೊತ್ತೂ ಮರಗಳ ಆಚೆಯಿಂದ ಭೋ ಅಂತ ಸದ್ದು ಕೇಳುತ್ತಲೇ ಇತ್ತು. ಜಲಪಾತ! ಅವಳ ಎದೆ ಹಾರುತ್ತಿತ್ತು. ಕೊನೆಯ ಬಂಡೆಯನ್ನು ಅಂಬೆಗಾಲಿನಲ್ಲಿ ಹತ್ತಿ ತಲೆ ಎತ್ತಿದರೆ, ಎದುರಿಗಿದ್ದದ್ದು ಜಲಪಾತವಲ್ಲ. ಯಾರೋ ಯಾವುದೋ ಕಾಲದಲ್ಲಿ ಕಟ್ಟಿ ಮರೆತುಬಿಟ್ಟ ಪುಟ್ಟ ಕಲ್ಲಿನ ಕಟ್ಟೆ. ಅದರ ಹಿಂದೆ ಒಂದಿಷ್ಟು ನೀರು. ಕಟ್ಟೆ ಮೇಲೊಂದು ತುಕ್ಕು ಹಿಡಿದ ಕಬ್ಬಿಣದ ಚಕ್ರ. ಚಕ್ರದ ಕೆಳಗಿನ ಗೇಟು ಪೂರ್ತಿ ತೆರೆದುಕೊಂಡಿತ್ತು, ಅಲ್ಲಿಂದ ನೀರು ಹುಚ್ಚೆದ್ದು ನುಗ್ಗಿ ಪೊದೆಗಳ ಆಚೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಪೈಪಿನ ಬಾಯಿ ನೀರಿಗಿಂತ ಒಂದು ಗೇಣು ಮೇಲೆ, ಬಾಯಾರಿದವರ ಹಾಗೆ ತೆರೆದುಕೊಂಡಿತ್ತು, ಚಿಮ್ಮಿದ ಹನಿಗಳಷ್ಟೇ ಅದರೊಳಗೆ ಬೀಳುತ್ತಿದ್ದವು.

ಡಾಕ್ಟ್ರ ಮುಖ ನೋಡಬೇಕಿತ್ತು ನೀವು. ಆಸ್ಪತ್ರೆ ಬಾಗಿಲಲ್ಲಿ ಬಿದ್ದ ರೋಗಿಯನ್ನು ಕಂಡ ಹಾಗಾದರು.

"ನೋಡಿದ್ಯಾ? ನೋಡಿದ್ಯಾ ಅನ್ಯಾಯಾನ? ಯಾವನೋ ಗೇಟು ತೆಗೆದಿಟ್ಟು ಹೋಗಿದಾನೆ! ನೀರು ಮೇಲೆ ಏರ್ತಾನೇ ಇಲ್ಲ, ಪೈಪಿಗೆ ಹೋಗ್ತಾನೇ ಇಲ್ಲ. ಪಾಪ, ಆ ಟೀ ಅಂಗಡಿಯಾಕೆ ನೂಲು ಹಿಡಿದುಕೊಂಡು ಕೂತಿದಾಳೆ. ಇಲ್ಲಿ ಇಷ್ಟು ನೀರು ಪೋಲು!"

ಅಂದವರೇ ತಡೆದು ನಿಂತರು. ಹೆಂಡತಿಯ ಷರತ್ತು ನೆನಪಾಯಿತು ಅಂತ ಕಾಣುತ್ತೆ. ಪಾನಾ ಹಿಡಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡರು. "ಇರಲಿ ಬಿಡು. ಇವತ್ತು ನಿನ್ನ ದಿನ. ಜಲಪಾತ ನೋಡೋಣ ನಡಿ."

ಇಲ್ಲಿ ಅವಳು ಸುಮ್ಮನೆ "ನಡೀರಿ" ಅಂದುಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಕೊರಕಲು ದಾಟಿಸಿದ ಕೈಯ ಬಿಸಿ ಇನ್ನೂ ಅವಳ ಅಂಗೈಯಲ್ಲಿತ್ತು. ಬೆಟ್ಟದ ತುದಿಯಲ್ಲಿ ನಿಂತ ಗಂಡ ಅವಳ ಕಣ್ಣಿಗೆ ಅಷ್ಟೆತ್ತರ ಕಾಣುತ್ತಿದ್ದರು.

"ನೀವೇ ಹೀಗೆ ಬಿಟ್ಟು ಹೋದ್ರೆ ಇನ್ಯಾರು ನೋಡ್ತಾರೆ ರೀ? ಮುಚ್ಚಿ. ನಾನೂ ಕೈ ಹಾಕ್ತೀನಿ" ಅಂದಳು. ಹೌದು, ಅವಳೇ!

ಚಕ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಡಾಕ್ಟ್ರು ಜೇಬಿನಿಂದ ಎಣ್ಣೆ ಡಬ್ಬಿ ತೆಗೆದರು (ಅದೂ ಬಂದಿತ್ತು), ಹನಿ ಹನಿಯಾಗಿ ಬಿಟ್ಟರು. ಮಗುವಿನ ಬೆನ್ನು ತಟ್ಟಿದ ಹಾಗೆ ಚಕ್ರವನ್ನು ತಟ್ಟಿದರು. ಪಾನಾ ನಟ್ಟಿಗೆ ಕೂರಿಸಿದರೆ, ಅದಕ್ಕಾಗಿಯೇ ಮಾಡಿಸಿದಂತೆ ಕೂತಿತು. "ಹಳೇ ಅಳತೆ ಕಣೇ! ನಮ್ಮ ಬಚ್ಚಲ ನಲ್ಲಿ ಕಾಲದ್ದು!" ಅಂತ ಸಂಭ್ರಮಪಟ್ಟರು. ಅವರು ಪಾನಾ ಹಿಡಿದರು, ಇವಳು ಚಕ್ರ ಹಿಡಿದಳು. "ಹಾಂ, ಎಳಿ... ಉಸಿರು ಬಿಡು... ಎಳಿ!" ಕಿರ್ ಅಂತ ಸದ್ದು ಮಾಡಿ ಚಕ್ರ ತಿರುಗಿತು. ಇಂಚಿಂಚಾಗಿ ಗೇಟು ಇಳಿಯಿತು. ನುಗ್ಗುತ್ತಿದ್ದ ನೀರು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಿಂತೇಹೋಯಿತು. ಒಂದು ಹನಿಯೂ ಸೋರಲಿಲ್ಲ. ಅದು ನೋಡಿ ಕೈಗುಣ!

ಅವಳು ಬೆವರು ಒರೆಸಿಕೊಂಡು ಸುತ್ತ ನೋಡಿದಳು. ಹಕ್ಕಿ ಕೂಗೋದು ಕೇಳಿಸುತ್ತಿತ್ತು, ಎಲೆ ಬೀಳೋದೂ ಕೇಳಿಸುತ್ತಿತ್ತು.

"ಆಹಾ, ಎಂಥ ನಿಶ್ಶಬ್ದ ರೀ! ಇಂಥ ಪ್ರಶಾಂತವಾದ ಜಾಗ ನಾನು ಎಲ್ಲೂ ನೋಡಿಲ್ಲ."

"ಹೌದು" ಅಂದರು ಡಾಕ್ಟ್ರು ತೃಪ್ತಿಯಿಂದ.

ಕಟ್ಟೆಯ ಪಕ್ಕದಲ್ಲೇ ಬಂಡೆಯಲ್ಲಿ ಕಡಿದ ಮೆಟ್ಟಿಲುಗಳು ಕೆಳಕ್ಕಿಳಿದಿದ್ದವು. ಹತ್ತಿದ್ದಕ್ಕೆ ಹೋಲಿಸಿದರೆ ಇಳಿದದ್ದು ಕ್ಷಣ. ಕೆಳಗೆ ಪೊದೆ ಸರಿಸಿ ಹೊರಬಂದರೆ, ಒಂದು ದೊಡ್ಡ ಮಡು, ಸುತ್ತ ಒಂದಷ್ಟು ಜನ, ಅವರ ನಡುವೆ ಭಾವ. ಎಲ್ಲರೂ ಬಾಯಿ ತೆರೆದುಕೊಂಡು ಮೇಲೆ ನೋಡುತ್ತಿದ್ದರು. ಮೇಲೆ ಏನಿತ್ತು? ಎತ್ತರದ ಕರೀ ಬಂಡೆ. ಒದ್ದೆ ಬಂಡೆ. ಅಷ್ಟೇ.

"ಇತ್ತು!" ಅಂತ ಭಾವ ಇವರನ್ನು ಕಂಡೊಡನೆ ಓಡಿಬಂದರು. ಕೋಲು ಒಂದು ಕಡೆ, ಟೋಪಿ ಒಂದು ಕಡೆ. "ಈಗಷ್ಟೇ ಇತ್ತು! ಕ್ಯಾಮೆರಾ ಸ್ಟ್ಯಾಂಡಿಗಿಟ್ಟು, ಬೆನ್ನು ಹಾಕಿ ನಿಂತು, ಕೈ ಚಾಚಿದೆ. ತಿರುಗಿ ನೋಡ್ತೀನಿ, ಇಲ್ಲ!"

"ನಮ್ಮ ಕಣ್ಣೆದುರೇ ನಿಂತುಹೋಯ್ತು ಕಣೇ" ಅಂದಳು ಅಕ್ಕ, ಅಳುವ ದನಿಯಲ್ಲಿ. "ಮೊದಲು ಸಣ್ಣಗಾಯ್ತು, ಆಮೇಲೆ ಇನ್ನೂ ಸಣ್ಣಗಾಯ್ತು..."

ಇವಳಿಗೆ ಆ ವರ್ಣನೆ ಎಲ್ಲೋ ಕೇಳಿದ ಹಾಗಿತ್ತು. ನಿಧಾನಕ್ಕೆ ಕತ್ತು ಹೊರಳಿಸಿ ಗಂಡನನ್ನು ನೋಡಿದಳು. ಗಂಡ ಆಗಲೇ ಬಂಡೆಗೆ ಕಿವಿ ಹಚ್ಚಿ ನಿಂತಿದ್ದರು. ಅವರ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ನಮ್ದೇ ಕಣೇ" ಅಂತ ಪಿಸುಗುಟ್ಟಿದರು. "ಮುಚ್ಚಿದ್ದು ಇದನ್ನೇ."

ಭೂಮಿ ಬಾಯಿ ಬಿಟ್ಟರೆ ಒಳಗೆ ಹೋಗಿಬಿಡುತ್ತಿದ್ದಳು. ಎಷ್ಟು ದಿನದ ಆಸೆ! ಎಂಥ ದಾರಿ! ಜಲಪಾತ ನೋಡೋಕೆ ಬಂದು, ಅದನ್ನು ತಾನೇ ಗಂಡನ ಜೊತೆ ಸೇರಿ, ಉಸಿರು ಹಿಡಿದು ಬಿಗಿ ಮಾಡಿ ಬಂದಿದ್ದಾಳೆ! ಇಷ್ಟರಲ್ಲಿ ಜನ ತಲೆಗೊಂದು ಕಾರಣ ಹೇಳುತ್ತಿದ್ದರು. ಭೂಕಂಪ ಅಂದರು ಒಬ್ಬರು. ಬಿಸಿಲು ಜಾಸ್ತಿಯಾಯಿತು ಅಂದರು ಇನ್ನೊಬ್ಬರು. ಎಲ್ಲ ಸರ್ಕಾರದವರ ಕೆಲಸ ಅಂದರು ಒಬ್ಬ ಹಿರಿಯರು, ನೆಲಕ್ಕೆ ಬೆತ್ತ ಕುಟ್ಟಿ.

ಡಾಕ್ಟ್ರು ಗಂಟಲು ಸರಿಮಾಡಿಕೊಂಡು, "ನೋಡಿ, ವಿಷಯ ಏನಂದ್ರೆ..." ಅಂತ ಶುರುಮಾಡಿದರು. ಅವರದ್ದು ಇದೊಂದು ಕೆಟ್ಟ ಅಭ್ಯಾಸ, ನಿಜ ಹೇಳೋದು. ಅಷ್ಟರಲ್ಲಿ ಭಾವನಿಗೆ ತಮಾಷೆ ಹೊಳೆಯಿತು.

"ಅಯ್ಯೋ, ಮರೆತೇಬಿಟ್ಟಿದ್ವಿ! ನಮ್ಮ ಜೊತೆ ಡಾಕ್ಟ್ರೇ ಇದ್ದಾರಲ್ಲ, ನಲ್ಲಿ ಡಾಕ್ಟ್ರು! ಏನು ಡಾಕ್ಟ್ರೇ, ವಾಷರ್ ಹೋಗಿದೆಯಾ ನೋಡಿ. ಇದನ್ನೊಂದು ರಿಪೇರಿ ಮಾಡಿಬಿಡಿ ನೋಡೋಣ!"

ಎಲ್ಲರೂ ನಕ್ಕರು. ಅಕ್ಕ ಕೂಡ ಬಾಯಿಗೆ ಸೆರಗು ಅಡ್ಡ ಹಿಡಿದಳು. ಇವಳಿಗೆ ನಾಚಿಕೆ ಇದ್ದದ್ದು ಎಲ್ಲಿ ಹೋಯಿತೋ, ಕೋಪ ಝರ್ರಂತ ನೆತ್ತಿಗೇರಿತು.

"ಮಾಡ್ತಾರೆ!" ಅಂದಳು. "ಮಾಡದೆ ಏನು? ಬರೀ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳೋರಲ್ಲ ನಮ್ಮೆಜಮಾನ್ರು! ರೀ, ಹೋಗಿ. ರಿಪೇರಿ ಮಾಡಿ ಬನ್ನಿ."

ಡಾಕ್ಟ್ರು ಒಂದು ಸಲ ಅವಳ ಮುಖ ನೋಡಿದರು. ಚೀಲದಿಂದ ಪಾನಾ ತೆಗೆದರು. ಮೆಟ್ಟಿಲು ಹತ್ತಿ ಪೊದೆಯೊಳಗೆ ಮಾಯವಾದರು. ಜನ ಇನ್ನೂ ನಗುತ್ತಿದ್ದರು. ಅವಳು ಮಾತ್ರ ಬಂಡೆಯ ನೆತ್ತಿಯಿಂದ ಕಣ್ಣು ಕೀಳಲಿಲ್ಲ. ತುಂಬಾ ಹೊತ್ತಾದ ಮೇಲೆ ಅಲ್ಲಿ ಡಾಕ್ಟ್ರ ಹಳದಿ ಟೋಪಿ ಕಾಣಿಸಿತು, ಕಡಲೆಕಾಳಿನಷ್ಟು. ಆಮೇಲೆ ಸದ್ದು: ಟಣ್.

ಆ ಸದ್ದು ಅವಳಿಗೆ ಗೊತ್ತು. ಮನೆಯಲ್ಲಿ ನೀರು ಬಿಡುವ ಮೊದಲು "ಹುಷಾರು" ಅಂತ ಅವರು ಪೈಪಿಗೆ ಬಡಿಯೋದೇ ಹಾಗೆ. ಕಟ್ಟೆಯ ಹಿಂದೆ ಇಷ್ಟು ಹೊತ್ತು ತುಂಬಿದ ನೀರು ಎಷ್ಟಿರಬೇಕು ಅಂತ ಆಗ ಹೊಳೆಯಿತು. ಮಡುವಿನ ಅಂಚಿನಲ್ಲಿ ಜನ ಕಾಲು ಇಳಿಬಿಟ್ಟುಕೊಂಡು ಕೂತಿದ್ದರು.

"ಎಲ್ರೂ ಏಳಿ!" ಟೋಕನ್ ಮೇಡಂ ದನಿ ಬೆಟ್ಟಕ್ಕೆ ಬಡಿದು ವಾಪಸ್ ಬಂತು. "ನೀರಿಂದ ಆಚೆ! ಮೇಲಿನ ಬಂಡೆಗೆ ಹತ್ತಿ! ತಳ್ಳಾಟ ಬೇಡ, ಸಾಲಾಗಿ! ಭಾವ, ನಿಮಗೇ ಹೇಳ್ತಿರೋದು, ಸ್ಟ್ಯಾಂಡ್ ಎತ್ತಿಕೊಳ್ಳಿ!"

ಯಾಕೆ ಅಂತ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸರ್ಕಾರವನ್ನು ಬೈದ ಹಿರಿಯರೂ ಬೆತ್ತ ಕಂಕುಳಲ್ಲಿಟ್ಟು ಎಲ್ಲರಿಗಿಂತ ಮೊದಲು ಹತ್ತಿದರು. ಕೊನೆಯವರು ಕಾಲು ಎತ್ತಿಕೊಂಡರೋ ಇಲ್ಲವೋ, ಮೇಲೆ ಬಂಡೆಯ ಅಂಚಿನಲ್ಲಿ ಒಂದು ಬಿಳೀ ಎಳೆ ಕಾಣಿಸಿತು. ಅದು ಅಗಲವಾಯಿತು. ಇನ್ನೂ ಅಗಲವಾಯಿತು. ಆಮೇಲೆ ನೋಡಿ, ಭೋರ್ ಅಂತ ಇಡೀ ಬೆಟ್ಟವೇ ಕರಗಿದ ಹಾಗೆ ಸುರಿಯಿತು! ಮಡು ಕುದಿಯಿತು. ತುಂತುರು ಎದ್ದು ಮೇಲಿನ ಬಂಡೆಯಲ್ಲಿದ್ದವರ ಮುಖಕ್ಕೆಲ್ಲ ಬಡಿಯಿತು. ಬಿಸಿಲಿಗೆ ಅದರಲ್ಲಿ ಕಾಮನಬಿಲ್ಲು ಮೂಡಿತು. ಭಾವ ಇಷ್ಟು ಸಲ ಬಂದಿದ್ದರಲ್ಲ, ಅವರೂ ಇಂಥದ್ದನ್ನು ಕಂಡಿರಲಿಲ್ಲ. ಜನ ಕೂಗಿದರು, ಸಿಳ್ಳೆ ಹೊಡೆದರು. "ಮಾಡಿದ್ರಲ್ಲಪ್ಪ! ಮಾಡೇಬಿಟ್ರಲ್ಲ!" ಅಂತ ಭಾವ ಕೋಲು ಬಿಸಾಕಿ ಕುಣಿದಾಡಿದರು.

ರಭಸ ಇಳಿದು ಜಲಪಾತ ಹದಕ್ಕೆ ಬಂದ ಮೇಲೆ ಡಾಕ್ಟ್ರು ಇಳಿದು ಬಂದರು. ಜನ ಚಪ್ಪಾಳೆ ತಟ್ಟಿದರು. ಡಾಕ್ಟ್ರು ಕೈ ಮುಗಿದು, "ದಯವಿಟ್ಟು ಕ್ಷಮಿಸಿ. ನಿಲ್ಲಿಸಿದ್ದೂ ನಾನೇ" ಅಂದರು.

"ನೋಡಿ, ಎಂಥ ವಿನಯ!" ಅಂದರು ಬೆತ್ತದ ಹಿರಿಯರು. ಚಪ್ಪಾಳೆ ಇನ್ನೂ ಜೋರಾಯಿತು.

ಅವಳು ಗಂಡನನ್ನು ಜನರಿಂದ ಬಿಡಿಸಿಕೊಂಡು ಒಂದು ಮೂಲೆಗೆ ಕರೆದೊಯ್ದಳು.

"ಹೇಗಿತ್ತೇ? ನಂಗೆ ಮೇಲಿಂದ ಬರೀ ಚಕ್ರ ಕಾಣ್ತಿತ್ತು. ಚೆನ್ನಾಗಿ ಬಂತಾ?"

"ನಿಮ್ಮ ಟೋಪಿ ಕಾಣ್ತಾ ಇತ್ತು. ಅಷ್ಟು ಅಂಚಿಗೆ ಯಾಕ್ರೀ ನಿಂತ್ಕೊಂಡಿದ್ರಿ? ಒಂದು ಸಲ ಜಾರಿದ ಹಾಗಾಯ್ತಲ್ಲ, ನನ್ನ ಜೀವ ಬಾಯಿಗೆ ಬಂದಿತ್ತು."

"ಜಲಪಾತ ಕಣೇ. ಜಲಪಾತ ಹೇಗಿತ್ತು?"

"ಅದಾ?" ಅವಳು ನೆನಪಿಸಿಕೊಳ್ಳೋಕೆ ನೋಡಿದಳು. "ಇತ್ತು. ಜೋರಾಗೇ ಇತ್ತು ಅನ್ನಿಸತ್ತೆ. ಎಲ್ರೂ ಕೂಗ್ತಿದ್ರು."

ಡಾಕ್ಟ್ರು ನಗಲಿಲ್ಲ. ಅವಳ ಪಕ್ಕ ಬಂದು ನಿಂತರು. ಇಬ್ಬರೂ ತಲೆ ಎತ್ತಿ, ಈಗ ಹದವಾಗಿ ಬೀಳುತ್ತಿದ್ದ ನೀರನ್ನು ನೋಡಿದರು. ಭಾವನ ಹಿಂದೆ ಇಷ್ಟು ದಿನ ಅವಿತಿದ್ದದ್ದು ಇದೇನಾ! ಎಷ್ಟು ಚೆಂದ, ಎಷ್ಟು ಬೆಳ್ಳಗೆ. ಡಾಕ್ಟ್ರು ಅವಳ ಭುಜದ ಮೇಲೆ ಕೈ ಇಟ್ಟರು. ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ. ಎರಡೂ ಖಾಲಿ.

ಅವಳಿಗೆ ತಟ್ಟನೆ ಎಚ್ಚರವಾಯಿತು. "ಪಾನಾ ಎಲ್ಲಿ ರೀ?"

"ಮೇಲಿದೆ. ತೆಗೆಯೋವಾಗ ಗೇಟಿನ ಹಳೇ ಹಲ್ಲು ಸವೆದುಹೋಯ್ತು. ಹಾಗೇ ಬಿಟ್ರೆ ಜಾರಿ ಮುಚ್ಚಿಕೊಳ್ಳತ್ತೆ. ಅರ್ಧಕ್ಕೆ ನಿಲ್ಲಿಸಿ ಪಾನಾನ ಅಡ್ಡ ಬಿಗಿದು ಬಂದೆ. ಅರ್ಧ ನೀರು ಪೈಪಿಗೆ, ಅರ್ಧ ಇದಕ್ಕೆ."

"ನಿಮ್ಮ ಗುರುಗಳು ಕೊಟ್ಟಿದ್ದು!"

"ಇರ್ಲಿ ಬಿಡು. ನೀನು ನೋಡಬೇಕು ಅಂತಿದ್ದೆಯಲ್ಲ, ನೋಡು."

ಅವಳ ಕಣ್ಣು ತುಂಬಿ ಬಂತು. ಇಂಥ ಗಂಡನಿಗೆ ಎಷ್ಟು ಬೈದಿದ್ದೆನಲ್ಲ ಅನ್ನಿಸಿತು. ಊರಲ್ಲಿ, ಲೋಕದಲ್ಲಿ, ಯಾವ ಹೆಂಡತಿಗೆ ಯಾವ ಗಂಡ ಒಂದು ಜಲಪಾತವನ್ನು ಎತ್ತಿ ಹಿಡಿದು ನಿಲ್ಲಿಸಿ ಕೊಟ್ಟಿದ್ದಾನೆ, ಹೇಳಿ! ಇಳಿದು ಬರುವಾಗ ಟೀ ಅಂಗಡಿಯ ನಲ್ಲಿಯಲ್ಲಿ ನೀರು ಹೆಬ್ಬೆರಳಿನ ದಪ್ಪಕ್ಕೆ ಸುರಿಯುತ್ತಿತ್ತು. ಅಂಗಡಿಯಾಕೆ ಕೆಟಲ್ ತುಂಬಿಸಿ, ಬಕೆಟ್ ತುಂಬಿಸಿ, ಇನ್ನೇನು ತುಂಬಿಸೋದು ಅಂತ ಹುಡುಕುತ್ತಿದ್ದಳು. ಇವಳು ಅವರೆಲ್ಲರ ಮುಂದೆ ತಲೆ ಎತ್ತಿಕೊಂಡು ನಡೆದಳು.

ಬಸ್ಸಿನಲ್ಲಿ ಭಾವ ತಾವು ತೆಗೆದ ವಿಡಿಯೋ ತೋರಿಸಿದರು. ಜಲಪ್ರಳಯವೇ ಸರಿ. ಬಂಡೆ ಮೇಲೆ ನಿಂತ ಅಷ್ಟೂ ಜನ ಕೈ ಎತ್ತಿ ನೀರನ್ನು ನೋಡಿ ಕೂಗುತ್ತಿದ್ದರು. ಅವರ ನಡುವೆ ಒಬ್ಬಳು ಹೆಂಗಸು ಮಾತ್ರ ನೀರಿಗೆ ಅರ್ಧ ಬೆನ್ನು ಹಾಕಿ, ಎದೆ ಮೇಲೆ ಕೈಯಿಟ್ಟುಕೊಂಡು, ಬಾಯಿ ಇಷ್ಟಗಲ ತೆರೆದು, ಆಕಾಶ ನೋಡುತ್ತ ನಿಂತಿದ್ದಳು. "ಇದ್ಯಾರಮ್ಮ, ವಿಮಾನ ಬಂತಾ?" ಅಂತ ಭಾವ ಕೇಳಿದರು. ಬಸ್ಸಿಗೆ ಬಸ್ಸೇ ನಕ್ಕಿತು. ಆ ವಿಡಿಯೋ ಈಗ ನೆಂಟರಿಷ್ಟರಲ್ಲಿ ನೋಡದವರಿಲ್ಲ. ಅದರಲ್ಲೊಂದು ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಡುತ್ತೇನೆ ಅಂತ ಭಾವ ಮಾತು ಕೊಟ್ಟಿದ್ದಾರೆ.

ಮನೆ ತಲುಪಿದಾಗ ಇನ್ನೂ ಸಂಜೆ ಬೆಳಕಿತ್ತು. ಬೂಟು ಬಿಚ್ಚಿ ಕೂತ ಡಾಕ್ಟ್ರಿಗೆ ಅವಳು ಬಿಸಿ ಬಿಸಿ ಟೀ ತಂದುಕೊಟ್ಟಳು. ಸಕ್ಕರೆ ಎರಡು ಚಮಚ ಜಾಸ್ತಿಯೇ ಹಾಕಿದ್ದಳು.

"ಕುಡೀರಿ. ಸುಸ್ತಾಗಿದೀರ" ಅಂದಳು. ಆಮೇಲೆ ಮೆತ್ತಗೆ, ಹೊಸ ಮದುವಣಗಿತ್ತಿಯ ದನಿಯಲ್ಲಿ, "ರೀ, ಇವತ್ತು ಭಾನುವಾರ. ಅದೇ ಕೈಯಲ್ಲಿ ಆ ಬಚ್ಚಲ ನಲ್ಲಿ ಒಂದು..."

"ಈಗಲೇ ಮಾಡಿಬಿಡ್ತೀನಿ ಕಣೇ!" ಡಾಕ್ಟ್ರು ಲೋಟ ಕೆಳಗಿಟ್ಟು ಹುರುಪಿನಿಂದ ಎದ್ದರು. ಚೀಲಕ್ಕೆ ಕೈ ಹಾಕಿದರು. ತಡಕಾಡಿದರು. ಒಂದು ಬಾಳೆಹಣ್ಣು ಹೊರಗೆ ಬಂತು. ಅದನ್ನು ಹಿಡಿದುಕೊಂಡೇ ಅವಳ ಕಡೆ ತಿರುಗಿದರು.

"ಹಳೇ ಅಳತೆ ನಟ್ಟು ಕಣೇ ಅದು" ಅಂದರು. "ಅದಕ್ಕೆ ಕೂರೋದು ಅದೊಂದೇ ಪಾನಾ. ತರಬೇಕು ಅಂದ್ರೆ ಹೋಗಿ ತರ್ತೀನಿ. ಆದ್ರೆ ತೆಗೆದ್ರೆ ಜಲಪಾತ ನಿಂತುಹೋಗತ್ತೆ. ಆ ಟೀ ಅಂಗಡಿಯಾಕೆಗೂ... ಏನ್ ಮಾಡ್ಲಿ, ನೀನೇ ಹೇಳು."

ಅವಳು ಗಂಡನ ಮುಖ ನೋಡಿದಳು. ಗೋಡೆಯ ಮೇಲೆ ಕೈ ಚಾಚಿ ನಿಂತ ಭಾವನನ್ನು ನೋಡಿದಳು. ಏನೋ ಹೇಳೋಕೆ ಬಾಯಿ ತೆರೆದಳು.

ಅವಳಿಗಿಂತ ಮೊದಲು ಬಚ್ಚಲಿನಿಂದ ಉತ್ತರ ಬಂತು. "ಟಪ್."